ಕಲ್ಯಾಣ: ಶರಣರು ತೆರಳಿದ ಮೇಲಿನ ಊರು

ಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಸಮಾಜದ ಮನೆಮನೆಗಳಲ್ಲಿ 12ನೆಯ ಶತಮಾನವು ಕಣ್ಣೆದುರು ನಿಲ್ಲುತ್ತದೆ. ಅಣ್ಣ ಬಸವಣ್ಣನವರ ಮಹಾಮನೆ, ಅಲ್ಲಮಪ್ರಭುಗಳ ಶೂನ್ಯಸಿಂಹಾಸನ, ನಾಡಿನ ಮೂಲೆಮೂಲೆಗಳಿಂದ ಬಂದು ನೆರೆದ ಶರಣಸಂಕುಲ, ಹರಳಯ್ಯ ಮಧುವರಸರ ಬಲಿದಾನ, ಕೊನೆಗೆ ಚದುರಿಹೋದ ಕಲ್ಯಾಣ. ಈ ಕಥೆಯನ್ನು ನಮ್ಮ ಮಕ್ಕಳು ತೊಟ್ಟಿಲಲ್ಲಿಯೇ ಕೇಳುತ್ತಾರೆ. ಆದರೆ ಆ ಕಥೆ ಮುಗಿದ ಮರುದಿನವೂ ಕಲ್ಯಾಣದಲ್ಲಿ ಸೂರ್ಯ ಹುಟ್ಟಿದನು, ಒಲೆಗಳು ಉರಿದವು, ಕೆರೆಗೆ ನೀರು ಹರಿಯಿತು. ಅಂದಿನಿಂದ ಇಂದಿನವರೆಗೆ ಎಂಟು ಶತಮಾನಗಳಿಗೂ ಹೆಚ್ಚು ಕಾಲ ಆ ಊರು ಬದುಕಿಕೊಂಡು ಬಂದಿದೆ. ಆ ಎಂಟು ಶತಮಾನಗಳಲ್ಲಿ ಅಲ್ಲಿ ನಡೆದುದೇನು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ.

ಬೀದರ ಜಿಲ್ಲೆಯ ಬಸವಕಲ್ಯಾಣವು ಇಂದು ತಾಲ್ಲೂಕು ಕೇಂದ್ರ. 2011ರ ಜನಗಣತಿಯ ವೇಳೆಗೆ ಸುಮಾರು 70 ಸಾವಿರ ಜನರಿದ್ದ ಊರು. ಹೈದರಾಬಾದು ಸೊಲ್ಲಾಪುರಗಳ ನಡುವಣ ಹೆದ್ದಾರಿಯಿಂದ ಕೊಂಚ ಒಳಗಿದೆ. ಕೆಂಗೇರಿ, ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಭಕ್ತ ಕುಟುಂಬಗಳು ಕಲಬುರಗಿಯವರೆಗೋ ಬೀದರಿನವರೆಗೋ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಈ ಕ್ಷೇತ್ರದ ದರ್ಶನ ಪಡೆದು ಬರುವ ವಾಡಿಕೆಯುಂಟು. ಹೋಗಿ ಬಂದವರು ಎರಡು ಮಾತುಗಳನ್ನು ಹೇಳುವುದನ್ನು ನಾವು ಅನೇಕ ಸಲ ಕೇಳಿದ್ದೇವೆ. ಒಂದು, ‘ಮನಸ್ಸು ತುಂಬಿ ಬಂತು’ ಎಂಬುದು. ಇನ್ನೊಂದು, ‘ಆ ಕಾಲದ್ದೇನೂ ಉಳಿದಿಲ್ಲವಲ್ಲ’ ಎಂಬ ಕೊರಗು. ಈ ಎರಡನೆಯ ಮಾತು ಎಷ್ಟರಮಟ್ಟಿಗೆ ನಿಜ? ಉಳಿದುದೇನು, ಉಳಿಸಿದವರು ಯಾರು? ಇವನ್ನು ಆ ಊರಿನ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶವಾಗಿದೆ.

ರಾಜಧಾನಿಯಾದ ಬಗೆ

ರಾಷ್ಟ್ರಕೂಟರನ್ನು ಸೋಲಿಸಿ 973ರಲ್ಲಿ ಚಾಲುಕ್ಯ ವಂಶವನ್ನು ಮತ್ತೆ ನೆಲೆಗೊಳಿಸಿದವನು ಎರಡನೆಯ ತೈಲಪ. ಅವನೂ ಅವನ ತರುವಾಯದವರೂ ಮೊದಲು ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ ರಾಜ್ಯಭಾರ ಮಾಡಿದರು. 1042ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ತಂದನು. ‘ಕಲ್ಯಾಣದ ಚಾಲುಕ್ಯರು’ ಎಂಬ ಹೆಸರು ಇತಿಹಾಸದಲ್ಲಿ ಸ್ಥಿರವಾದುದು ಹೀಗೆ.

ರಾಜಧಾನಿಯ ಪಟ್ಟದೊಂದಿಗೆ ಶತ್ರುವಿನ ಕಣ್ಣೂ ಬಿತ್ತು. ಚೋಳ ದೊರೆ ರಾಜಾಧಿರಾಜನು ದಂಡೆತ್ತಿ ಬಂದು ಕಲ್ಯಾಣವನ್ನು ಸೂರೆಮಾಡಿ ಸುಟ್ಟನು. ವಿಜಯದ ಕುರುಹಾಗಿ ಇಲ್ಲಿಯ ದೇವಾಲಯವೊಂದರ ದ್ವಾರಪಾಲಕ ವಿಗ್ರಹವನ್ನು ತಮಿಳುನಾಡಿಗೆ ಹೊತ್ತೊಯ್ದನು. ಕಲ್ಯಾಣಪುರವನ್ನು ಗೆದ್ದು ತಂದ ದ್ವಾರಪಾಲಕನಿವನು ಎಂಬ ಒಕ್ಕಣೆಯನ್ನು ಆ ವಿಗ್ರಹದ ಪೀಠದಲ್ಲಿ ತಮಿಳಿನಲ್ಲಿ ಕೊರೆಯಲಾಗಿದೆ. ಕುಂಭಕೋಣದ ಬಳಿಯ ದಾರಾಸುರಂ ದೇವಾಲಯದಲ್ಲಿದ್ದ ಆ ವಿಗ್ರಹವು ಅನಂತರ ತಂಜಾವೂರಿನ ಸಂಗ್ರಹಾಲಯವನ್ನು ಸೇರಿತು. ರಾಜಾಧಿರಾಜನು ಮುಂದೆ 1054ರಲ್ಲಿ ಕೊಪ್ಪಂ ಎಂಬಲ್ಲಿ ಚಾಲುಕ್ಯರೊಡನೆ ಕಾದುತ್ತಲೇ ಆನೆಯ ಮೇಲೆ ಮಡಿದನು. ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಕಲ್ಯಾಣದ ಬಾಗಿಲನ್ನು ಕಾಯಬೇಕಾಗಿದ್ದ ಕಲ್ಲಿನ ಕಾವಲುಗಾರ ಮಾತ್ರ ಪರನಾಡಿನಲ್ಲಿ ನಿಂತು ತನ್ನ ಊರಿನ ಹೆಸರನ್ನು ಹೇಳುತ್ತಲೇ ಇದ್ದಾನೆ. ಬಸವಣ್ಣನವರು ಹುಟ್ಟುವುದಕ್ಕೂ ಮೊದಲೇ ಕಲ್ಯಾಣವು ಒಮ್ಮೆ ಸುಟ್ಟು ಮತ್ತೆ ಎದ್ದು ನಿಂತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

1076ರಲ್ಲಿ ಸಿಂಹಾಸನವೇರಿದ ಆರನೆಯ ವಿಕ್ರಮಾದಿತ್ಯನು ಅರ್ಧ ಶತಮಾನ ಆಳಿದನು. ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದನು. ದೂರದ ಕಾಶ್ಮೀರದಿಂದ ಬಂದ ಬಿಲ್ಹಣನು ಈ ಅರಸನ ಆಸ್ಥಾನದಲ್ಲಿ ವಿದ್ಯಾಪತಿಯಾಗಿ ‘ವಿಕ್ರಮಾಂಕದೇವಚರಿತ’ವನ್ನು ಬರೆದನು. ಆ ಕಾವ್ಯವೂ ಲೋಕಕ್ಕೆ ಮರೆಯಾಗಿಹೋಗಿತ್ತು. 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸರಿಗೆ ಅದರ ಓಲೆಪ್ರತಿ ದೊರೆತು, ಮರುವರ್ಷ ಮುದ್ರಣಗೊಂಡಿತು. ಕಲ್ಯಾಣದ ವೈಭವದ ವರ್ಣನೆಯನ್ನು ಮರುಭೂಮಿಯ ಜೈನರು ಏಳೆಂಟು ಶತಮಾನ ಕಾಪಾಡಿಕೊಟ್ಟರೆಂಬುದು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ.

ಇದೇ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳ ಪ್ರಾಂತವನ್ನು ಬಿಟ್ಟು ಭರತಖಂಡದ ಬಹುಭಾಗದಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಯು ಶತಮಾನಗಳ ಕಾಲ ನಡೆದುದು ಈ ಗ್ರಂಥದ ಆಧಾರದ ಮೇಲೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆಯೂ ಮಿತಾಕ್ಷರದ ಹೆಸರು ನ್ಯಾಯಾಲಯಗಳಿಂದ ಮರೆಯಾಗಲಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ದೊರೆತುದು 2005ರ ತಿದ್ದುಪಡಿಯಿಂದ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವಂತೂ ಒಂದು ವಿಶ್ವಕೋಶವೇ ಸರಿ. ಆನೆ, ಕುದುರೆ, ರತ್ನ, ಸಂಗೀತ, ವೈದ್ಯಗಳ ಜೊತೆಗೆ ಅಡುಗೆಯ ಪ್ರಕರಣವೂ ಅದರಲ್ಲಿದೆ. ಅಲ್ಲಿ ಹೆಸರಿಸಿದ ಇಡ್ಡರಿಕ, ದೋಸಕ ಎಂಬ ತಿನಿಸುಗಳನ್ನು ನಮ್ಮ ತಾಯಂದಿರಿಗೆ ಪರಿಚಯಿಸುವ ಅಗತ್ಯವಿಲ್ಲ.

ಶರಣರ ಕಾಲ

ಇಂತಹ ಊರಿಗೆ ಬಸವಣ್ಣನವರು ಬಂದರು. ಚಾಲುಕ್ಯರ ಮಾಂಡಲಿಕನಾಗಿ ಮಂಗಳವೇಢೆಯ ಕಡೆ ಆಳುತ್ತಿದ್ದ ಕಲಚುರಿ ಬಿಜ್ಜಳನು, 1157ರ ಸುಮಾರಿಗೆ ಒಡೆಯನ ಅಧಿಕಾರವನ್ನೇ ತನ್ನ ಕೈಗೆ ತೆಗೆದುಕೊಂಡನು. 1162ರ ವೇಳೆಗೆ ಸ್ವತಂತ್ರ ಚಕ್ರವರ್ತಿಯೆನಿಸಿದನು. ಬಸವಣ್ಣನವರು ಅವನ ಭಂಡಾರಿಯಾಗಿ, ಮಂತ್ರಿಯಾಗಿ ಇದ್ದ ಕಾಲದಲ್ಲಿ ನಡೆದುದು ನಮ್ಮ ಓದುಗ ಬಂಧುಗಳಿಗೆಲ್ಲ ವಿದಿತವೇ ಆಗಿದೆ. ಆದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಂದು ಅಂಶವನ್ನು ಮಾತ್ರ ಸೂಚಿಸಬಯಸುತ್ತೇವೆ.

ಅರಮನೆಯ ನೆರಳಿನಲ್ಲಿ ಶಾಸ್ತ್ರಕಾರರು ಯಾರಿಗೆ ಎಷ್ಟು ಪಾಲು ಎಂದು ಲೆಕ್ಕ ಹಾಕಿದ ಊರಿನಲ್ಲಿಯೇ, ಕೆಲವೇ ದಶಕಗಳ ಬಳಿಕ, ಮಡಿವಾಳ ಮಾಚಿದೇವರೂ ನುಲಿಯ ಚಂದಯ್ಯಗಳೂ ಆಯ್ದಕ್ಕಿ ಲಕ್ಕಮ್ಮನವರೂ ರಾಜಮಂತ್ರಿಯ ಸಮಸಮಕ್ಕೆ ಕುಳಿತು ಅನುಭಾವ ನುಡಿದರು. ಅವರು ಶಾಸ್ತ್ರಗಳ ಪಾಂಡಿತ್ಯವನ್ನು ಅವಲಂಬಿಸಲಿಲ್ಲ. ತಮ್ಮ ಕಾಯಕವನ್ನೇ ಪ್ರಮಾಣವಾಗಿಟ್ಟು ಕನ್ನಡದಲ್ಲಿ ನುಡಿದರು. ಕಲ್ಯಾಣದ ಹಿರಿಮೆ ಇರುವುದು ಈ ಪಲ್ಲಟದಲ್ಲಿ. ಅರಸರ ಕಲ್ಯಾಣವು ಜನರ ಕಲ್ಯಾಣವಾದುದು ಆಗ.

ಆದರೆ ಅದು ಬಹುಕಾಲ ನಡೆಯಲಿಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹವು ಊರನ್ನು ಎರಡಾಗಿ ಸೀಳಿತು. ತಂದೆಯರಿಗೆ ಕ್ರೂರ ಮರಣದಂಡನೆಯಾಯಿತು, ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು, ಊರಿನಲ್ಲಿ ಕ್ಷೋಭೆಯೆದ್ದಿತು. ಶಾಸನಗಳ ಪ್ರಕಾರ 1167ರಲ್ಲಿ ಬಿಜ್ಜಳನ ಆಳ್ವಿಕೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದನು. ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣರ ತಂಡವೊಂದು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ಸಾಗಿತು. ಉಳಿದವರು ದಿಕ್ಕುದಿಕ್ಕಿಗೆ ಹೋದರು.

ರಾಜಧಾನಿಯ ಪಟ್ಟ ಇಳಿದಾಗ

ಮುಂದಿನ ಇಪ್ಪತ್ತೆರಡು ವರ್ಷಗಳು ಕಲ್ಯಾಣಕ್ಕೆ ಇಳಿಗಾಲ. ಚಾಲುಕ್ಯ ನಾಲ್ಕನೆಯ ಸೋಮೇಶ್ವರನು 1183ರ ಹೊತ್ತಿಗೆ ಕಲಚುರಿಗಳಿಂದ ರಾಜ್ಯವನ್ನು ಮರಳಿ ಪಡೆದನಾದರೂ, 1189ರ ಹೊತ್ತಿಗೆ ಎಲ್ಲವೂ ಕೈಬಿಟ್ಟಿತು. ಉತ್ತರದಿಂದ ದೇವಗಿರಿಯ ಸೇವುಣರೂ ದಕ್ಷಿಣದಿಂದ ಹೊಯ್ಸಳರೂ ನಾಡನ್ನು ಹಂಚಿಕೊಂಡರು. ಸೇವುಣರ ರಾಜಧಾನಿ ದೇವಗಿರಿ, ಹೊಯ್ಸಳರದು ದೋರಸಮುದ್ರ. ನಡುವೆ ಉಳಿದ ಕಲ್ಯಾಣವು ಮತ್ತೆಂದೂ ಯಾವ ಅರಸನಿಗೂ ರಾಜಧಾನಿಯಾಗಲಿಲ್ಲ.

ರಾಜಧಾನಿಯ ಪಟ್ಟ ಇಳಿದ ಊರಿನ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಅರಮನೆಗೆ ದುಡಿಯುತ್ತಿದ್ದ ಶಿಲ್ಪಿಗಳು, ವರ್ತಕರು, ಪಂಡಿತರು ಬೇರೆ ಅನ್ನ ಹುಡುಕಿ ಹೋಗುತ್ತಾರೆ. ಗುಡಿಗಳಿಗೆ ಬಿಟ್ಟ ದತ್ತಿಗಳು ನಿಲ್ಲುತ್ತವೆ. ಒಕ್ಕಲುಮಕ್ಕಳು ಮಾತ್ರ ಉಳಿಯುತ್ತಾರೆ, ಏಕೆಂದರೆ ಹೊಲವನ್ನು ಹೆಗಲ ಮೇಲೆ ಹೊತ್ತು ಹೋಗಲಾಗದು.

ಆದರೆ ಊರಿನ ಕೀರ್ತಿ ಊರನ್ನು ಬಿಟ್ಟು ನಡೆಯತೊಡಗಿತ್ತು. 1260ರ ಅರ್ಜುನವಾಡ ಶಾಸನವು, ಇಂದಿನ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯಲ್ಲಿ, ಬಸವಣ್ಣನವರನ್ನೂ ಅವರ ವಂಶದವರನ್ನೂ ಹೆಸರಿಸುತ್ತದೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ಬಸವಪುರಾಣ ಬರೆದನು. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದನು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, 15ನೆಯ ಶತಮಾನದಲ್ಲಿ, ನೂರೊಂದು ವಿರಕ್ತರು ಚದುರಿದ ವಚನಗಳನ್ನು ಅರಸಿ ತಂದು ಕಟ್ಟಿದರು, ಶೂನ್ಯಸಂಪಾದನೆ ರೂಪುಗೊಂಡಿತು. ಅನಂತರ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು ತಮ್ಮ ಶಿಷ್ಯಸಮೂಹದೊಡನೆ ನಾಡಿನಲ್ಲಿ ಸಂಚರಿಸಿ ತುಮಕೂರು, ಬೆಂಗಳೂರು, ಮೈಸೂರು ಸೀಮೆಗಳ ಮನೆಗಳಲ್ಲಿ ಆ ಬೆಳಕನ್ನು ಹಚ್ಚಿದರು. ಕೆಂಗೇರಿಯ ಸುತ್ತಣ ನಮ್ಮ ಮನೆತನಗಳಿಗೆ ಕಲ್ಯಾಣದ ನಂಟು ಬೆಳೆದುಬಂದುದು ಈ ದಾರಿಯಲ್ಲಿ. ಸ್ಥಾವರವಾದ ಕಲ್ಯಾಣ ಕುಗ್ಗಿದಷ್ಟೂ ಜಂಗಮವಾದ ಕಲ್ಯಾಣ ಹಬ್ಬಿತು.

1326ರ ಒಂದು ಕಲ್ಲು

ಈಗ ನಾವು ಆ ಊರಿಗೇ ಮರಳೋಣ. 14ನೆಯ ಶತಮಾನದ ಆರಂಭದಲ್ಲಿ ದೇವಗಿರಿಯು ದಿಲ್ಲಿಯ ಸುಲ್ತಾನರ ವಶವಾಯಿತು. ಅದರೊಡನೆ ಕಲ್ಯಾಣವೂ ಅವರ ಆಡಳಿತಕ್ಕೆ ಸೇರಿತು. ಇಲ್ಲಿಂದ ಮುಂದಿನದೆಲ್ಲ ಕತ್ತಲೆಯ ಕಥೆ, ಗುಡಿಗಳು ಬಿದ್ದುವು, ಶಿವಪೂಜೆ ನಿಂತಿತು ಎಂದು ಹೇಳಿ ಮುಂದೆ ಸಾಗುವುದು ರೂಢಿ. ಕಲ್ಯಾಣದಲ್ಲಿಯೇ ದೊರೆತ ಒಂದು ಶಾಸನವು ಈ ರೂಢಿಯ ಮಾತನ್ನು ತಡೆದು ನಿಲ್ಲಿಸುತ್ತದೆ.

ಶಕವರ್ಷ 1248, ಎಂದರೆ ಕ್ರಿ.ಶ. 1326ರ ಈ ಶಾಸನ ಸಂಸ್ಕೃತದಲ್ಲಿದೆ. ಇದನ್ನು ಸಂಪಾದಿಸಿ ಪ್ರಕಟಿಸಿದವರು ಶಾಸನತಜ್ಞ ಡಾ. ಪಿ.ಬಿ. ದೇಸಾಯಿಯವರು, ಬಸವೇಶ್ವರರ ಕಾಲವನ್ನು ಕುರಿತು ಗ್ರಂಥ ಬರೆದ ಮಹನೀಯರೂ ಅವರೇ. ಶಾಸನದ ಸಾರಾಂಶ ಹೀಗಿದೆ. ಆಗ ಸುಲ್ತಾನನಾಗಿದ್ದವನು ಮಹಮ್ಮದ್ ಬಿನ್ ತುಘಲಕ್. ಅವನ ಬಂಧುವಾದ ಬಹಾವುದ್ದೀನನು ದಂಗೆಯೆದ್ದನು. ಆ ಗಲಭೆಯ ದಿನಗಳಲ್ಲಿ ಕಲ್ಯಾಣದ ಮಧುಕೇಶ್ವರ ದೇವಾಲಯದ ಲಿಂಗಕ್ಕೆ ಘಾಸಿಯಾಯಿತು, ಪೂಜೆ ನಿಂತಿತು. ಗಲಭೆ ಅಡಗಿದ ಮೇಲೆ ದೇವಾಲಯದ ಹೊಣೆ ಹೊತ್ತಿದ್ದವರು ಕಲ್ಯಾಣದ ಅಧಿಕಾರಿ ಖ್ವಾಜಾ ಅಹಮದನ ಬಳಿಗೆ ಹೋಗಿ, ಲಿಂಗವನ್ನು ಮತ್ತೆ ಸ್ಥಾಪಿಸಲು ಅಪ್ಪಣೆ ಬೇಡಿದರು. ಪೂಜೆಯು ಅವರ ಧರ್ಮ, ಅದು ನಡೆಯತಕ್ಕದ್ದೇ ಎಂದು ಅಧಿಕಾರಿಯು ಒಪ್ಪಿದನು. ಲಿಂಗವು ಪುನಃ ಪ್ರತಿಷ್ಠಿತವಾಯಿತು.

ಈ ಶಾಸನವನ್ನು ಓದುವಾಗ ನಾವು ಎರಡು ಕಡೆಗೂ ಜಾರದಂತೆ ಎಚ್ಚರದಿಂದಿರಬೇಕು. ಸುಲ್ತಾನರ ಆಳ್ವಿಕೆಯಲ್ಲಿ ಎಲ್ಲವೂ ಸುಖವಾಗಿತ್ತೆಂದು ಇದರಿಂದ ಸಾಧಿಸಲಾಗದು; ಲಿಂಗ ಭಿನ್ನವಾದುದೂ ಇದೇ ಶಾಸನ ಹೇಳುವ ಮಾತೇ. ಎಲ್ಲವೂ ನಾಶವಾಯಿತೆಂದೂ ಹೇಳಲಾಗದು. ಲಿಂಗ ಮತ್ತೆ ನಿಂತುದೂ ಇಲ್ಲಿಯೇ ಬರೆದಿದೆ. ಅರಸೊತ್ತಿಗೆ ಬದಲಾದರೂ ಊರಿನವರು ತಮ್ಮ ಗುಡಿಯನ್ನು ಕೈಬಿಡಲಿಲ್ಲ, ಕೇಳಲು ಹೋದರು, ಕೇಳಿದವರಿಗೆ ಕಿವಿಗೊಡುವವನೊಬ್ಬ ಅಧಿಕಾರಿಯೂ ಇದ್ದನು. ಊರು ಉಳಿಯುವುದು ಇಂತಹ ವ್ಯವಹಾರಗಳಿಂದ. ಶರಣರು ತೆರಳಿ ಒಂದೂವರೆ ಶತಮಾನ ಕಳೆದ ಮೇಲೂ ಕಲ್ಯಾಣದಲ್ಲಿ ಶಿವನ ಒಕ್ಕಲು ಇತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಕೋಟೆಯ ಶತಮಾನಗಳು

1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿತು. 15ನೆಯ ಶತಮಾನದ ಮೊದಲರ್ಧದಲ್ಲಿ ಅಹಮದ್ ಷಾ ವಲಿಯು ರಾಜಧಾನಿಯನ್ನು ಬೀದರಿಗೆ ಒಯ್ದನು. ಬೀದರಿನ ಬಳಿಯ ಅಷ್ಟೂರಿನಲ್ಲಿ ಅವನ ಗೋರಿಯಿದೆ. ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಉತ್ಸವಕ್ಕೆ ಮುಸಲ್ಮಾನರೊಡನೆ ಲಿಂಗವಂತರೂ ಸೇರುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಡನೆ ಬಂದು ಉತ್ಸವದ ಅಗ್ರಸ್ಥಾನ ವಹಿಸುತ್ತಾರೆ. ಆ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಾಣುವ ನಂಬಿಕೆ ಆ ಸೀಮೆಯ ಜನಸಾಮಾನ್ಯರಲ್ಲಿದೆ. ತತ್ತ್ವವಿಚಾರದ ಒರೆಗಲ್ಲಿಗೆ ಈ ನಂಬಿಕೆಯನ್ನು ತಿಕ್ಕಿ ನೋಡುವುದಕ್ಕಿಂತ, ಎರಡು ಸಮಾಜಗಳು ಕೂಡಿ ಬಾಳುವುದಕ್ಕೆ ಕಂಡುಕೊಂಡ ದಾರಿಯೆಂದು ಇದನ್ನು ಗೌರವಿಸುವುದು ಉಚಿತ.

ಬಹಮನಿ ರಾಜ್ಯ ಒಡೆದು ಐದಾದಾಗ ಕಲ್ಯಾಣದ ಕೋಟೆಯು ಬೀದರು, ಬಿಜಾಪುರ, ಅಹಮದನಗರಗಳ ನಡುವೆ ಕೈಯಿಂದ ಕೈಗೆ ದಾಟಿತು. ಅದಕ್ಕಾಗಿ ನಡೆದ 16ನೆಯ ಶತಮಾನದ ಕಾಳಗಗಳಲ್ಲಿ ವಿಜಯನಗರದ ಅಳಿಯ ರಾಮರಾಯನ ಸೇನೆಯೂ ಪಾಲ್ಗೊಂಡಿತು. ರಾಮರಾಯನ ಅರವೀಡು ಮನೆತನದವರು ತಮ್ಮನ್ನು ಚಾಲುಕ್ಯ ವಂಶದವರೆಂದೂ ಕಲ್ಯಾಣಪುರದ ಒಡೆಯರೆಂದೂ ಬಿರುದುಗಳಲ್ಲಿ ಕರೆದುಕೊಳ್ಳುತ್ತಿದ್ದರು. ರಾಜಧಾನಿಯ ಪಟ್ಟ ಹೋಗಿ ನಾಲ್ಕು ಶತಮಾನಗಳಾಗುತ್ತ ಬಂದಿದ್ದರೂ ಕಲ್ಯಾಣದ ಹೆಸರಿಗೆ ಅಷ್ಟು ಬೆಲೆಯಿತ್ತು. 1565ರ ತಾಳಿಕೋಟೆಯ ಯುದ್ಧದಲ್ಲಿ ರಾಮರಾಯನು ಮಡಿದನು. 1657ರಲ್ಲಿ ಔರಂಗಜೇಬನು ಬೀದರನ್ನೂ ಕಲ್ಯಾಣದ ಕೋಟೆಯನ್ನೂ ಮುತ್ತಿ ವಶಪಡಿಸಿಕೊಂಡನು. 18ನೆಯ ಶತಮಾನದಲ್ಲಿ ಇದು ಹೈದರಾಬಾದಿನ ನಿಜಾಮರ ಸೀಮೆಗೆ ಸೇರಿ, ನವಾಬರ ಜಹಗೀರಾಗಿ ‘ಕಲ್ಯಾಣಿ’ ಎನಿಸಿತು.

ಇಂದು ಪ್ರವಾಸಿಗರು ನೋಡುವ ಕೋಟೆ ಈ ಎಲ್ಲ ಕೈಗಳು ಕಟ್ಟಿ ತಿದ್ದಿದ ಕೋಟೆ. ಅದರೊಳಗಿನ ವಸ್ತುಸಂಗ್ರಹಾಲಯದಲ್ಲಿ ಚಾಲುಕ್ಯರ ಕಾಲದ ಶೈವ ಮೂರ್ತಿಗಳ ಜೊತೆಗೆ ಜೈನ ಬಿಂಬಗಳೂ ಇವೆ. ಶರಣರ ಕಲ್ಯಾಣವು ಒಂದೇ ಮತದವರ ಊರಾಗಿರಲಿಲ್ಲ ಎಂಬುದನ್ನು ಆ ಬಿಂಬಗಳು ಮೌನವಾಗಿ ಸಾರುತ್ತವೆ.

ಜಹಗೀರಿನಿಂದ ಬಸವಕಲ್ಯಾಣಕ್ಕೆ

ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ನುಡಿ, ಶಾಲೆಯ ನುಡಿ ಉರ್ದು. ಕನ್ನಡ ಕಲಿಸುವುದೇ ಸಾಹಸವಾಗಿದ್ದ ದಿನಗಳವು. ಭಾಲ್ಕಿ ಹಿರೇಮಠದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದು ಆ ಸೀಮೆಯಲ್ಲೆಲ್ಲ ಮನೆಮಾತು. 1890ರಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದ ಆ ಶತಾಯುಷಿಗಳು, ಬಸವಕಲ್ಯಾಣದಲ್ಲಿ ಶರಣರ ಸ್ಮರಣಾರ್ಥ ಅನುಭವ ಮಂಟಪವೊಂದು ಎದ್ದು ನಿಲ್ಲಲು ಕಾರಣಕರ್ತರಾದರು.

ಇತ್ತ ಬಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದರು. ಕಲ್ಯಾಣದ ಮಾತು ಮುದ್ರಣದಲ್ಲಿ ಮನೆಮನೆಗೆ ಬಂದಾಗ, ಕಲ್ಯಾಣ ಎಲ್ಲಿದೆ, ಹೇಗಿದೆ ಎಂದು ಜನ ಹುಡುಕಿಕೊಂಡು ಹೋಗತೊಡಗಿದರು. ಸೊಲ್ಲಾಪುರದಲ್ಲಿ ಹುಟ್ಟಿ, ಸಿದ್ಧರಾಮೇಶ್ವರರ ಪುರಾಣ ಬರೆದು, 1974ರ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮೊದಲ ಮಹಿಳಾ ಅಧ್ಯಕ್ಷೆಯಾದ ಮಾತೆ ಜಯದೇವಿತಾಯಿ ಲಿಗಾಡೆಯವರು ತಮ್ಮ ಬಾಳಿನ ಕೊನೆಯ ಭಾಗವನ್ನು ಈ ಊರಿನಲ್ಲಿಯೇ ಕಳೆದರು.

1948ರ ದಿನಗಳನ್ನು ಮರೆಯಲಾಗದು. ರಜಾಕಾರರ ಹಾವಳಿಗೆ ಕಲ್ಯಾಣದ ಸುತ್ತಣ ಹಳ್ಳಿಗಳು ತತ್ತರಿಸಿದವು. ಆ ವರ್ಷದ ಮೇ ತಿಂಗಳಿನಲ್ಲಿ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದ ನೆನಪು ಆ ಭಾಗದ ಹಿರಿಯ ಮನೆಗಳಲ್ಲಿ ಇಂದಿಗೂ ಹಸಿಯಾಗಿದೆ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಮರುವರ್ಷ ಜಹಗೀರುಗಳು ರದ್ದಾದವು. ಆ ಕಾರ್ಯಾಚರಣೆಯ ಬೆನ್ನಿಗೇ ಹಲವು ಊರುಗಳಲ್ಲಿ ನಿರಪರಾಧಿ ಮುಸಲ್ಮಾನ ಕುಟುಂಬಗಳೂ ಸೇಡಿಗೆ ಗುರಿಯಾದುವೆಂಬುದನ್ನೂ ಸತ್ಯನಿಷ್ಠೆಯುಳ್ಳವರು ಹೇಳಲೇಬೇಕು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಕನ್ನಡ ನಾಡಿಗೆ ಸೇರಿತು. ಕಲ್ಯಾಣಿಯು ಬಸವಕಲ್ಯಾಣವಾಯಿತು.

ಅನಂತರದ ವರ್ಷಗಳಲ್ಲಿ ಊರಿನ ಮುಖ ಬಹಳ ಬದಲಾಗಿದೆ. 2012ರಲ್ಲಿ ಬಸವಣ್ಣನವರ 108 ಅಡಿ ಎತ್ತರದ ಪ್ರತಿಮೆ ಎದ್ದಿತು. 2019ರಲ್ಲಿ ಹೈದರಾಬಾದು ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ವೆಂದು ಹೆಸರಾಯಿತು. 2021ರ ಜನವರಿಯಲ್ಲಿ, 500 ಕೋಟಿ ರೂಪಾಯಿಗಳ ಅಂದಾಜಿನ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. 2024ರಲ್ಲಿ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲವೂ ಸಂತೋಷದ ಸಂಗತಿಗಳೇ.

ನಮ್ಮ ಮುಂದಿರುವ ಪ್ರಶ್ನೆ

ಈ ಸಂತೋಷದ ಜೊತೆಗೇ ಒಂದು ಪ್ರಶ್ನೆಯೂ ಎದ್ದಿದೆ. ಬಸವಕಲ್ಯಾಣದಲ್ಲಿ ಪೀರ್ ಪಾಷಾ ಬಂಗಲೆ ಎಂಬ ಹಳೆಯ ಕಟ್ಟಡವಿದೆ. ಅದೇ ಮೂಲ ಅನುಭವ ಮಂಟಪ, ಅದನ್ನು ಸಮಾಜಕ್ಕೆ ಒಪ್ಪಿಸಬೇಕು ಎಂದು 2022ರಲ್ಲಿ ಕೆಲವು ಪೂಜ್ಯರು ಆಗ್ರಹಿಸಿದರು. ಬೇರೆ ಕೆಲವರು ಅದಕ್ಕೆ ಸಾಕಷ್ಟು ಆಧಾರವಿಲ್ಲವೆಂದರು. ನಮ್ಮ ಮನೆಗಳಲ್ಲಿಯೂ ಈ ವಿಷಯದಲ್ಲಿ ಎರಡು ಮಾತುಗಳಿವೆ. ಮಕ್ಕಳು ಕೇಳಿದಾಗ ಏನು ಹೇಳಬೇಕೆಂದು ತಿಳಿಯದೆ ತಂದೆತಾಯಿಗಳು ಸುಮ್ಮನಾಗುವುದೂ ಉಂಟು. ಈ ವಿಷಯದಲ್ಲಿ ನಮಗೆ ತೋರಿದುದನ್ನು ಬಿನ್ನವಿಸುತ್ತೇವೆ.

ಒಂದು ಕಟ್ಟಡದ ವಯಸ್ಸನ್ನು ನಿರ್ಣಯಿಸುವುದು ಪುರಾತತ್ತ್ವಜ್ಞರ ಕಾಯಕ. ಅಗೆತ, ಅಳತೆ, ಶಾಸನ, ಶಿಲ್ಪಶೈಲಿಗಳ ಪರೀಕ್ಷೆಯಿಂದ ಅವರು ಅದನ್ನು ಮಾಡಲಿ. ಸರ್ಕಾರ ಅದಕ್ಕೆ ಅನುವು ಮಾಡಿಕೊಡಲಿ. ಅವರ ನಿರ್ಣಯ ಬರುವ ಮುನ್ನವೇ ಭಕ್ತಿಯು ತೀರ್ಪು ಕೊಡಲು ಹೊರಟರೆ ಅದು ಭಕ್ತಿಗೂ ಶೋಭೆಯಲ್ಲ, ಚರಿತ್ರೆಗೂ ನ್ಯಾಯವಲ್ಲ. ಪರೀಕ್ಷೆಯ ಫಲವು ಏನೇ ಬರಲಿ, ಅದನ್ನು ಒಪ್ಪುವ ಧೈರ್ಯ ನಮಗಿರಬೇಕು. ಆ ಕಲ್ಲುಗಳು ಶರಣರ ಕಾಲದವೆಂದು ತಿಳಿದುಬಂದರೆ ಆನಂದ. ಅಲ್ಲವೆಂದಾದರೆ ವಚನಗಳ ಒಂದಕ್ಷರವೂ ಕಡಿಮೆಯಾಗದು. ಅನುಭವ ಮಂಟಪದ ಪ್ರಮಾಣವು ಅದರ ಕಂಬಗಳಲ್ಲಿಲ್ಲ, ಅಲ್ಲಿ ಹುಟ್ಟಿದ ಮಾತಿನಲ್ಲಿದೆ. ಶರಣರು ಕಲ್ಯಾಣವನ್ನು ಬಿಟ್ಟು ಹೊರಟಾಗ ಹೊತ್ತುಕೊಂಡು ಹೋದುದು ಕಟ್ಟಡದ ಕಲ್ಲುಗಳನ್ನಲ್ಲ, ಓಲೆಯ ಕಟ್ಟುಗಳನ್ನು ಎಂಬುದನ್ನು ನಾವು ನೆನಪಿಡಬೇಕು.

ಇನ್ನೊಂದು ಮಾತು. ಆ ಊರಿನಲ್ಲಿ ಇಂದು ಕನ್ನಡ, ಉರ್ದು, ಮರಾಠಿಗಳನ್ನಾಡುವ ಜನ ಒಂದೇ ಪೇಟೆಯಲ್ಲಿ ಕೊಂಡು ಮಾರಿ ಬಾಳುತ್ತಿದ್ದಾರೆ. ಬೆಂಗಳೂರಿನಿಂದ ಹೋಗುವ ನಮಗೆ ಅದು ಎರಡು ದಿನಗಳ ಯಾತ್ರಾಸ್ಥಳ. ಅವರಿಗೆ ಅದು ಹುಟ್ಟಿ ಬೆಳೆದ ಮನೆ. ಕಲ್ಯಾಣವು ಒಮ್ಮೆ ಎರಡಾಗಿ ಸೀಳಿದಾಗ ಏನಾಯಿತೆಂಬುದನ್ನು ನಮ್ಮಷ್ಟು ಚೆನ್ನಾಗಿ ತಿಳಿದ ಸಮಾಜ ಬೇರೊಂದಿಲ್ಲ. ಎರಡನೆಯ ಸಲ ಅದು ಸೀಳಿದರೆ ಅದರಲ್ಲಿ ನಮ್ಮ ಕೈಯಿರಬಾರದು. 1326ರ ಶಾಸನದ ಹಿರಿಯರು ಮುರಿದ ಲಿಂಗವನ್ನು ಮತ್ತೆ ನಿಲ್ಲಿಸಿದ್ದು ಕಾದಾಡಿ ಅಲ್ಲ, ಹೋಗಿ ಕೇಳಿ. ಆ ವಿವೇಕವೂ ನಮ್ಮ ಪರಂಪರೆಯ ಆಸ್ತಿಯೇ.

ಯಾತ್ರಿಕರಿಗೆ ಎರಡು ಮಾತು

ಬಸವಕಲ್ಯಾಣಕ್ಕೆ ಹೋಗುವ ಕುಟುಂಬಗಳು ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಆತುರ ಬಿಡಬೇಕೆಂದು ನಮ್ಮ ವಿನಂತಿ. ಮೊದಲ ದಿನ ಬಸವೇಶ್ವರ ದೇವಾಲಯ, ಅನುಭವ ಮಂಟಪ, ತ್ರಿಪುರಾಂತ ಕೆರೆಯ ದಂಡೆ, ಹೊರಗಿನಿಂದ ಬಂದ ಶರಣರನ್ನು ಬರಮಾಡಿಕೊಳ್ಳುತ್ತಿದ್ದರೆಂದು ಹೇಳುವ ಬಂದವರ ಓಣಿ, ಅಕ್ಕನಾಗಮ್ಮನವರ ಗವಿ ಇವುಗಳನ್ನು ನೋಡಬಹುದು. ಎರಡನೆಯ ದಿನ ಬೆಳಗಿನಲ್ಲಿ ಕೋಟೆ ಮತ್ತು ಅದರ ವಸ್ತುಸಂಗ್ರಹಾಲಯ. ಅನಂತರ ಊರಿಗೆ ಹತ್ತಿರದ ನಾರಾಯಣಪುರದ ಚಾಲುಕ್ಯ ಶಿವಾಲಯ. ಸಮಯವಿದ್ದರೆ ಹುಮನಾಬಾದು ತಾಲ್ಲೂಕಿನ ಜಲಸಂಗಿಗೂ ಹೋಗಿ ಬರಬೇಕು. ಅಲ್ಲಿಯ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ಅಕ್ಷರ ಕಲಿತ ಹೆಣ್ಣಿನ ಇಂತಹ ರೂಪವನ್ನು ಶಿಲ್ಪಿಯು ಶರಣೆಯರ ಕಾಲಕ್ಕಿಂತ ಮೊದಲೇ ಕಡೆದಿಟ್ಟನೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ತೋರಿಸಿ ಹೇಳಬೇಕು.

ಕೋಟೆಯ ಗೋಡೆಯ ಬಳಿ ನಿಂತಾಗ ‘ಇದು ಯಾರದು’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಚಾಲುಕ್ಯರದು, ಕಲಚುರಿಗಳದು, ಸೇವುಣರದು, ಸುಲ್ತಾನರದು, ಮೊಗಲರದು, ನವಾಬರದು ಎಂದು ಒಂದೊಂದಾಗಿ ಹೇಳಿ. ಅವರಲ್ಲಿ ಒಬ್ಬರೂ ಇಂದು ಅಲ್ಲಿಲ್ಲ ಎಂಬುದನ್ನೂ ಹೇಳಿ. ಆಮೇಲೆ ಆಯ್ದಕ್ಕಿ ಲಕ್ಕಮ್ಮನವರ ಒಂದು ವಚನವನ್ನು ಮಕ್ಕಳಿಂದಲೇ ಓದಿಸಿ. ಅಕ್ಕಿ ಆಯ್ದು ದಾಸೋಹ ನಡೆಸಿದ ಆ ತಾಯಿಗೆ ಕೋಟೆಯೂ ಇರಲಿಲ್ಲ, ಬಿರುದೂ ಇರಲಿಲ್ಲ. ಆದರೂ ಎಂಟೂವರೆ ಶತಮಾನಗಳಾಚೆ, ಅದೇ ನೆಲದ ಮೇಲೆ, ಒಂದು ಮಗುವಿನ ಬಾಯಲ್ಲಿ ಆಕೆಯ ಮಾತು ಇದೆ.